ನಾಲ್ಕುನಾಡಿನಲ್ಲಿ ನಾನು ರಾಜನಾದದ್ದು

ಮಕ್ಕಳಿಗೆ ಇತಿಹಾಸವನ್ನು ಪುಸ್ತಕದಲ್ಲಲ್ಲ, ನಡೆದ ಜಾಗದಲ್ಲೇ ನಿಲ್ಲಿಸಿ ಕಲಿಸಬೇಕು ಎಂಬುದು ನನ್ನ ಸಿದ್ಧಾಂತ. ಅದಕ್ಕೆ ಪೆಟ್ರೋಲು ಬೇಕು ಎಂಬುದು ಹೆಂಡತಿಯ ತಿದ್ದುಪಡಿ. ದಸರಾ ರಜೆಯಲ್ಲಿ ಊರೆಲ್ಲ ಮೈಸೂರಿಗೆ ಬರುತ್ತಿದ್ದಾಗ ನಾವು ಮೈಸೂರು ಬಿಟ್ಟು ಕೊಡಗಿನ ಕಡೆ ಹೊರಟೆವು. ಹಿಂದಿನ ಸೀಟಿನಲ್ಲಿ ಐದನೇ ತರಗತಿಯ ಮಗಳು, ನನ್ನ ಬಾಯಲ್ಲಿ ಕೊಡಗನ್ನಾಳಿದ ಹಾಲೇರಿ ವಂಶದ ರಾಜರು.

ಪಿರಿಯಾಪಟ್ಟಣದಲ್ಲಿ ಮೊದಲ ಪಾಠ. ದೊಡ್ಡವೀರರಾಜೇಂದ್ರನನ್ನು ಟಿಪ್ಪು ಇಲ್ಲೇ ಸೆರೆಯಿಟ್ಟಿದ್ದ, 1788ರಲ್ಲಿ ಅವನು ತಪ್ಪಿಸಿಕೊಂಡು ಓಡಿದ ಎಂದು ಆವೇಶದಿಂದ ಹೇಳುತ್ತಿದ್ದೆ. "ಅಪ್ಪಾ, ಅರ್ಜೆಂಟು!" ಎಂದಳು. ಪಿರಿಯಾಪಟ್ಟಣದಿಂದ ಬೇಗ ಪಾರಾಗಬೇಕೆನ್ನುವ ರಾಜನ ಸಂಕಟ ಅವಳಿಗೆ ಚೆನ್ನಾಗಿಯೇ ಮನದಟ್ಟಾಗಿತ್ತು.

ಮಡಿಕೇರಿ ಕೋಟೆಯಲ್ಲಿ ನಾನು ಮುದ್ದುರಾಜನಿಂದ ಹಿಡಿದು, ಟಿಪ್ಪು ಇಟ್ಟ ಜಾಫರಾಬಾದ್ ಎಂಬ ಹೆಸರನ್ನು ದಾಟಿ, ಲಿಂಗರಾಜೇಂದ್ರನ 1812ರ ಅರಮನೆಗೆ ಬರುವಷ್ಟರಲ್ಲಿ ಅವಳು ಗಾರೆಯ ಜೋಡಿ ಆನೆಗಳ ಕಾಲಿನ ಉಗುರು ಎಣಿಸಿ ಮುಗಿಸಿದ್ದಳು. ಓಂಕಾರೇಶ್ವರ, ಗದ್ದುಗೆ ಎಲ್ಲ ಓಡುತ್ತಲೇ ಆಯಿತು. ರಾಜಾಸೀಟಿನ ಬಗ್ಗೆ ಹೇಳದಿರುವುದೇ ಒಳ್ಳೆಯದು. ರಾಜರು ಕೂತು ಸೂರ್ಯಾಸ್ತ ನೋಡುತ್ತಿದ್ದ ಜಾಗದಲ್ಲಿ ಈಗ ಜನ ಸೂರ್ಯನಿಗೆ ಬೆನ್ನು ತಿರುಗಿಸಿ, ಕೈ ಚಾಚಿ, ಮೊಬೈಲಿನಲ್ಲಿ ತಮ್ಮ ಮುಖವನ್ನೇ ನೋಡಿಕೊಳ್ಳುತ್ತಾರೆ. ಅಷ್ಟು ದೂರ ಬಂದು ನೋಡಬೇಕಾದಂಥ ಮುಖಗಳೂ ಅವಲ್ಲ.

ನಾಪೋಕ್ಲು ದಾಟಿ ಕಕ್ಕಬ್ಬೆಯ ಕಡೆಗೆ, ತಡಿಯಂಡಮೋಳ್ ಬೆಟ್ಟದ ಬುಡದಲ್ಲಿದೆ ನಾಲ್ಕುನಾಡು ಅರಮನೆ. ಪಿರಿಯಾಪಟ್ಟಣದಿಂದ ಓಡಿಬಂದ ಅದೇ ದೊಡ್ಡವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ್ದು. ಸೆರೆಯ ರುಚಿ ಕಂಡವನಲ್ಲವೇ, ಅಡಗಲು ಕತ್ತಲೆ ಕೋಣೆಗಳನ್ನು ಮರೆಯದೆ ಇಡಿಸಿದ್ದಾನೆ. 1834ರ ಏಪ್ರಿಲ್‌ನಲ್ಲಿ ಕೊನೆಯ ರಾಜ ಚಿಕ್ಕವೀರರಾಜೇಂದ್ರ ಇಂಗ್ಲಿಷರಿಗೆ ಶರಣಾಗುವ ಮೊದಲು ಆಶ್ರಯ ಪಡೆದದ್ದೂ ಇಲ್ಲೇ. ಕತ್ತಲೆ ಕೋಣೆ ಕಂಡದ್ದೇ ನನ್ನೊಳಗಿನ ಮೇಷ್ಟರು ಎದ್ದು ನಿಂತರು.

"ನಾನು ರಾಜ, ನೀನು ಇಂಗ್ಲಿಷರ ಕರ್ನಲ್ ಫ್ರೇಜರ್. ಹೊರಗೆ ನಿಂತು ನೂರರ ತನಕ ಎಣಿಸಿ, ಬಂದು ನನ್ನನ್ನು ಹಿಡಿಯಬೇಕು" ಎಂದು ಹೇಳಿ ಒಳಗೆ ಹೋಗಿ ಕುಕ್ಕರಗಾಲಿನಲ್ಲಿ ಕೂತೆ. ಕರ್ನಲ್ ಸಾಹೇಬರು ಮೂವತ್ತರ ತನಕ ಎಣಿಸಿ, ಅಮ್ಮನ ಬ್ಯಾಗಿನಲ್ಲಿ ಚಕ್ಕುಲಿ ಇರುವುದು ನೆನಪಾಗಿ ದಂಡಯಾತ್ರೆಯನ್ನು ಅಲ್ಲಿಗೇ ಬಿಟ್ಟರಂತೆ. ಅದು ನನಗೆ ಗೊತ್ತಾಗಬೇಕಲ್ಲ! ರಾಜನ ಏಕಾಂತ ಎಷ್ಟು ಭಯಂಕರ ಎಂದು ಯೋಚಿಸುತ್ತಿದ್ದಾಗ ಮೀನಖಂಡದ ಮೇಲೆ ತಣ್ಣಗೆ ಏನೋ ಹತ್ತಿತು. ಜಿಗಣೆ. ಪ್ಯಾಂಟು ಮಂಡಿಯವರೆಗೆ ಮಡಚಿ ಅದನ್ನು ಕೀಳಲು ಹೊರಟೆ. ಬಾಗಿಲಲ್ಲಿ ಹೆಜ್ಜೆ ಸದ್ದು! ಕರ್ನಲ್ ಎಂದುಕೊಂಡು ಉಸಿರು ಬಿಗಿಹಿಡಿದೆ. ಬಂದದ್ದು ಬೇರೆ ಯಾವುದೋ ಸಂಸಾರ, ಅವರ ಮುಂದೆ ಅರಮನೆ ತೋರಿಸುವ ಹುಡುಗ. "ನೋಡಿ ಅಮ್ಮಾ, ಕೊನೇ ರಾಜ ಇಂಥ ಕೋಣೇಲೇ ಅಡಗಿದ್ದು" ಎನ್ನುತ್ತಿದ್ದ.

ಈಗ ಎದ್ದರೆ ಹೆದರುತ್ತಾರೆ. ಏಳದಿದ್ದರೆ, ಕಂಡಾಗ ಹೊಡೆಯುತ್ತಾರೆ. ನಿಟ್ಟುಸಿರು ಬಿಟ್ಟು ತಿಳಿಸೋಣವೆಂದರೆ ಅದು ಇನ್ನೂ ಕೆಟ್ಟದ್ದು. ಜಿಗಣೆ ಮಾತ್ರ ಯಾವ ಗೊಂದಲವೂ ಇಲ್ಲದೆ ತನ್ನ ಊಟ ಮುಂದುವರಿಸಿತ್ತು. ಕೊನೆಗೆ ಮರ್ಯಾದಸ್ತರ ರೀತಿಯಲ್ಲಿ ಮೆಲ್ಲಗೆ ಕೆಮ್ಮಿದೆ.

"ಅಯ್ಯೋ ದೇವ್ರೇ, ಇನ್ನೂ ಇದ್ದಾನೆ!" ಎಂದು ಅಜ್ಜಿಯೊಬ್ಬರು ಕಿರುಚಿಕೊಂಡರು.

ಮೊಬೈಲು ಟಾರ್ಚಿನ ಬೆಳಕು ನನ್ನ ಮುಖದಿಂದ ಬರಿಗಾಲಿಗೆ, ಅಲ್ಲಿಂದ ಜಿಗಣೆಗೆ ಇಳಿಯಿತು. ಅಜ್ಜಿ ಸುಧಾರಿಸಿಕೊಂಡು, ಬಹಳ ಮರುಕದಿಂದ, "ಜೊತೇಲಿ ಮನೆಯವರು ಯಾರೂ ಬಂದಿಲ್ವೇನಪ್ಪಾ?" ಎಂದು ಕೇಳಿದರು. ಅಷ್ಟರಲ್ಲಿ ಚಕ್ಕುಲಿ ಕಡಿಯುತ್ತ ಬಂದ ಮಗಳು ಎಲ್ಲರಿಗೂ ವಿವರಣೆ ಕೊಟ್ಟಳು: "ಇವ್ರು ನಮ್ಮಪ್ಪ. ಶರಣಾಗಿದ್ದಾರೆ."

ಕಾರಿನಲ್ಲಿ ಅವಳೇ ಕೇಳಿದಳು, "ನಿಜವಾದ ರಾಜ ಆಮೇಲೆ ಏನಾದ?" ಕಾಶಿಗೆ ಕಳಿಸಿದರು, 1852ರಲ್ಲಿ ಮಗಳು ಗೌರಮ್ಮನನ್ನು ಕರೆದುಕೊಂಡು ಲಂಡನ್ನಿಗೆ ಹೋದ ಎಂದೆ. ಗೌರಮ್ಮನಿಗೆ ಆಗ ಹನ್ನೊಂದು ವರ್ಷ. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು, ಹುಡುಗಿಯನ್ನು ಕ್ರೈಸ್ತಳನ್ನಾಗಿ ಮಾಡಿ, ತನ್ನ ಹೆಸರನ್ನೇ ಕೊಟ್ಟಳು.

"ಅವಳು ಈ ಅರಮನೇಲಿ ಯಾವ ಕೋಣೇಲಿ ಇದ್ಲು?"

"ಇರಲಿಲ್ಲ. ಹುಟ್ಟಿದ್ದು ಕಾಶಿಯಲ್ಲಿ, 1841ರಲ್ಲಿ. ಕೊಡಗನ್ನು ಅವಳು ನೋಡಲೇ ಇಲ್ಲ."

"ಲಂಡನ್ನಿಗೆ ಬರ್ತೀಯಾ ಅಂತ ಅವಳನ್ನ ಕೇಳಿದ್ರಾ?"

ನಾನು ಗೇರ್ ಬದಲಿಸಿದೆ. "ನಾವೇನು ಇವಳನ್ನ ಕೇಳಿ ಹೊರಟಿದ್ವಾ?" ಎಂದಳು ಹೆಂಡತಿ. ನಾಪೋಕ್ಲು ತನಕ ಯಾರೂ ಮಾತಾಡಲಿಲ್ಲ. ರಾಜ 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ. ಗೌರಮ್ಮ 1864ರಲ್ಲಿ, ಇಪ್ಪತ್ತಮೂರು ತುಂಬುವ ಮೊದಲೇ. ಅವಳ ಸಮಾಧಿ ಅಲ್ಲಿನ ಬ್ರಾಂಪ್ಟನ್ ಸ್ಮಶಾನದಲ್ಲಿದೆ.

ನಾಲ್ಕುನಾಡಿಗೆ ಹೋಗುವವರು ಜೇಬಿನಲ್ಲಿ ಒಂದು ಉಪ್ಪಿನ ಪೊಟ್ಟಣ ಇಟ್ಟುಕೊಳ್ಳಿ. ಕತ್ತಲೆ ಕೋಣೆಯಲ್ಲಿ ಯಾರಾದರೂ ಕೆಮ್ಮಿದರೆ ಕಿರುಚಬೇಡಿ, ಯಾವುದೋ ಮಗುವಿನ ಅಪ್ಪ ಇರಬಹುದು. ಟಾರ್ಚನ್ನು ಮಾತ್ರ ಮುಖಕ್ಕೆ ಬಿಡಬೇಡಿ.