ರೈಲಿಲ್ಲದ ಸೀಮೆಯ ರೈಲು ಪರೀಕ್ಷೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯ ನಾವು ರೈಲು ಹತ್ತಬೇಕೆಂದರೆ ಮೊದಲು ತಿರುವು ತಿರುವಿಗೂ ಬಸ್ಸಿನ ಕಿಟಕಿಗೆ ತಲೆ ಕುಟ್ಟಿಸಿಕೊಂಡು ಶಿವಮೊಗ್ಗಕ್ಕೋ ತರೀಕೆರೆಗೋ ಕಡೂರಿಗೋ ಇಳಿಯಬೇಕು. ಆದರೂ ರೈಲಿನ ಬಗ್ಗೆ ನಮಗಿರುವಷ್ಟು ಖಚಿತ ಅಭಿಪ್ರಾಯ ಸ್ಟೇಷನ್ ಮಾಸ್ತರರಿಗೂ ಇರಲಿಕ್ಕಿಲ್ಲ. ನಮ್ಮ ಅಟ್ಟದಲ್ಲಿ ಮಾಡೆಲ್ ರೈಲಿನ ಹಳಿ ಬಿದ್ದ ಸುದ್ದಿ ಹಬ್ಬಿದ್ದೇ ತಡ, ಅಡಿಕೆ ಸುಲಿಯಲು ಬಂದವರು, ಮದುವೆ ಕರೆಯಲು ಬಂದವರು ಎಲ್ಲರೂ ಏಣಿ ಹತ್ತಿ ತಜ್ಞರಾದರು.

ಅವರಿಗೆ ಬೇಕಾದದ್ದು ಕಂಪನಿಯ ಹೆಸರು. ಹೆಸರಿಗೇನು ಕೊರತೆ? ಇಂಗ್ಲೆಂಡಿನ ಹಾರ್ನ್‌ಬಿ 1920ರಿಂದ ರೈಲು ಮಾಡಿಕೊಂಡು ಬಂದಿದೆ. ಈಗ ಹೆಸರು ಅಲ್ಲಿಯದು, ಹೆರಿಗೆ ಚೀನಾದಲ್ಲಿ. ಜರ್ಮನಿಯ ಮಾರ್ಕ್ಲಿನ್ 1859ರ ಮನೆತನ, ಗಟ್ಟಿ ಇಂಜಿನ್ನಿಗೆ ಪ್ರಸಿದ್ಧ. ಇಂಜಿನ್ ಗಟ್ಟಿಯಿದ್ದ ಮಾತ್ರಕ್ಕೆ ಕಂಪನಿಯೂ ಗಟ್ಟಿ ಇರಬೇಕೆಂದಿಲ್ಲ. 2009ರಲ್ಲಿ ಅದು ದಿವಾಳಿ ಅರ್ಜಿ ಹಾಕಿತು, ಆಮೇಲೆ ಚೇತರಿಸಿಕೊಂಡಿತು. ಹಾರ್ನ್‌ಬಿಯ ಓಓ, ಮಾರ್ಕ್ಲಿನ್ನಿನ ಎಚ್‌ಓ, ಎರಡು ಅಳತೆಗೂ ಹಳಿಯ ಅಗಲ 16.5 ಮಿಲಿಮೀಟರೇ. ಆದರೆ ಮಾರ್ಕ್ಲಿನ್ ಇಂಜಿನ್ ಹಳಿಗಳ ನಡುವಿನ ಮೊಳೆಯಂಥ ಗುಬ್ಬಿಗಳಿಂದ ಕರೆಂಟು ಹೀರುತ್ತದೆ, ಉಳಿದವರದ್ದು ಸಾಮಾನ್ಯವಾಗಿ ಎರಡು ಹಳಿಯಿಂದಲೇ 12 ವೋಲ್ಟ್ ಡಿ.ಸಿ. ಒಂದೇ ಅಟ್ಟದಲ್ಲಿದ್ದರೂ ಒಂದೇ ಪಂಕ್ತಿಯಲ್ಲಿ ಕೂರುವಂತಿಲ್ಲ.

ಅದೂ ಇರಲಿ. ಯಾವ ಕಾರ್ಖಾನೆಯ ಪರೀಕ್ಷಕನೂ ಆರಿದ್ರಾ ಮಳೆಯಲ್ಲಿ ಕೂತು ಸೀಲು ಒತ್ತಿದ್ದಿಲ್ಲ. ಇಲ್ಲಿ ಪುಸ್ತಕ, ಚಪ್ಪಲಿ, ಬೆಲ್ಟುಗಳಿಗೆ ಬೂಷ್ಟು ಹಿಡಿಯುವ ಹೊತ್ತಿಗೆ ಉಕ್ಕಿನ ಹಳಿ ಕೆಂಪಡರುತ್ತದೆ; ನಿಕ್ಕಲ್ ಸಿಲ್ವರ್ ಹಳಿ ತಡೆದುಕೊಳ್ಳುತ್ತದೆ. ಹಳೆಯ ಕಾಲದ ಸತುವಿನ ಎರಕದಲ್ಲಿ ಚೂರು ಸೀಸ ಬೆರೆತಿದ್ದರಂತೂ ವರ್ಷಗಳ ಮೇಲೆ ಇಂಜಿನ್ನಿನ ಮೈ ಊದಿ, ಬಿರುಕು ಬಿಟ್ಟು, ಪುಡಿಯಾಗುತ್ತದೆ. ತೇವವಿದ್ದಲ್ಲಿ ಈ ರೋಗ ಬೇಗ ಹೆಚ್ಚುತ್ತದೆ, ನಮ್ಮಲ್ಲಿ ತೇವಕ್ಕೆ ಬರವಿಲ್ಲ. ಇನ್ನು ಕರೆಂಟು ಹೋದರೆ ಇಂಗ್ಲಿಷರದ್ದು, ಜರ್ಮನ್ನರದ್ದು ಎಂಬ ಭೇದವಿಲ್ಲದೆ ಎಲ್ಲವೂ ಇದ್ದಲ್ಲೇ ನಿಲ್ಲುತ್ತವೆ. ಆಗ ನಮ್ಮ ಭಾವ, "ಕ್ರಾಸಿಂಗಾ ಮಾರಾಯ?" ಎಂದು ಕೇಳಿ ಕಾಫಿಗೆ ಇಳಿಯುತ್ತಾರೆ.

ಹೀಗಾಗಿ ನಾನು ಅಡಿಕೆ ಮಂಡಿಯ ದಾರಿ ಹಿಡಿದಿದ್ದೇನೆ. ಮಂಡಿಯಲ್ಲಿ ತೋಟದ ಹೆಸರು ಕೇಳಿ ದರ ಕಟ್ಟುವುದಿಲ್ಲ. ಚೀಲ ಬಿಚ್ಚಿ, ಬೊಗಸೆಗೆ ಹಾಕಿಕೊಂಡು, ಮೇಲಿನ ದರ್ಜೆಯ ಸರಕೋ, ಬೆಟ್ಟೆಯೋ, ರಾಶಿಯೋ, ಕಡೆಯ ದರ್ಜೆಯ ಗೊರಬಲೋ ಎಂದು ನೋಡುತ್ತಾರೆ. ಒಂದೇ ತೋಟದ ಮಾಲಿನಲ್ಲೂ ಮೇಲು ಕೀಳು ಇರುತ್ತದಲ್ಲ. ಇಂಜಿನ್ನನ್ನೂ ಹಾಗೇ ಬೊಗಸೆಗೆ ತೆಗೆದುಕೊಂಡು ನೋಡಬೇಕು. ತೂಕವಿದೆಯೇ? ಎಲ್ಲ ಚಕ್ರಗಳೂ ಕರೆಂಟು ಹೀರುತ್ತವೆಯೇ? ಮೈಗೆ ಸ್ಕ್ರೂ ಹಾಕಿದ್ದಾರೋ, ಗೋಂದು ಮೆತ್ತಿದ್ದಾರೋ? ಹಲ್ಲುಚಕ್ರ ಒಡೆದರೆ ಬಿಡಿಯಾಗಿ ಸಿಗುತ್ತದೆಯೇ? ವೇಗ ನೋಡಿ ಮರುಳಾಗಬಾರದು, ಜಾತ್ರೆಯ ಆಟಿಕೆಯೂ ಜೋರಾಗಿ ಓಡುತ್ತದೆ. ಒಳ್ಳೆಯ ಇಂಜಿನ್ ಸ್ಲೀಪರುಗಳನ್ನು ಎಣಿಸಿಕೊಂಡು ಹೋಗುವಂತೆ ತೆವಳಬೇಕು, ಮುಗ್ಗರಿಸಬಾರದು.

ಇಷ್ಟು ಕಂಪನಿಗಳಿದ್ದೂ ನಮ್ಮ ಸೀಮೆಯ ರೈಲನ್ನು ಮಾತ್ರ ಯಾರೂ ಮಾಡಿಲ್ಲ. ಹಿಂದೆ ಎಡೇಹಳ್ಳಿ ಎನಿಸಿಕೊಂಡಿದ್ದ ನರಸಿಂಹರಾಜಪುರಕ್ಕೆ ತರೀಕೆರೆಯಿಂದ ಎರಡಡಿ ಅಗಲದ ಹಳಿಯ ಮೇಲೆ ಟ್ರಾಂ ಬರುತ್ತಿತ್ತು. ಅದು ನಿಂತು ತಲೆಮಾರುಗಳೇ ಕಳೆದವು. ಈಗ ಬೇಕೆಂದರೆ ಎನ್ ಗೇಜಿನ 9 ಮಿಲಿಮೀಟರ್ ಹಳಿಯ ಮೇಲೆ ದೊಡ್ಡ ಅಳತೆಯ ಮೈ ಕೂರಿಸಿಕೊಳ್ಳಬೇಕು; ಸಣ್ಣ ಗೇಜಿನ ಹವ್ಯಾಸಿಗಳ ಹಳೆಯ ಉಪಾಯವಿದು. ನಾನೂ ಒಂದು ಕಟ್ಟಿದ್ದೇನೆ: ಪೇಟೆಯ ಚಕ್ರ, ಮದುವೆ ಕಾಗದದ ರಟ್ಟಿನ ಮೈ. ಪಕ್ಷಪಾತವಿಲ್ಲದೆ ಹೇಳುವುದಾದರೆ ಮೈ ಗೊರಬಲು, ನಡಿಗೆ ಬೆಟ್ಟೆ. ಯಾರಾದರೂ ಕೊಳ್ಳಲು ಬಂದರೆ ಮಾತ್ರ ನಾನು ಹೇಳುವ ದರ ಸರಕಿನದು.