ರೈಫಲ್ ಗೌಡರ ಪ್ರೆಸ್ಸು

ಮೂಡಿಗೆರೆಯಿಂದ ಕೊಟ್ಟಿಗೆಹಾರ ದಾಟಿ ಕಳಸದವರೆಗೆ ಹೋದರೆ ಹೋಬಳಿಗೊಬ್ಬರಂತೆ ರೈಫಲ್ ಗೌಡರು ಸಿಗುತ್ತಾರೆ. ಹೆಸರು, ಮನೆತನ, ತೋಟದ ಎಕರೆ ಬೇರೆ ಬೇರೆ. ಲಕ್ಷಣ ಮಾತ್ರ ಒಂದೇ. ಜೂನ್ ತಿಂಗಳಲ್ಲಿ ಇಬ್ಬರು ಪ್ಲಾಂಟರುಗಳು ಎದುರಾದರೆ ‘ನಿನ್ನೆ ನಿಮ್ಮಲ್ಲಿ ಎಷ್ಟು ಇಂಚು, ಎಷ್ಟು ಸೆಂಟು?’ ಎಂದೇ ಮಾತು ಶುರುವಾಗುವುದು ಇಲ್ಲಿನ ವಾಡಿಕೆ. ಇಂಚನ್ನು ನೂರು ಪಾಲು ಮಾಡಿದರೆ ಅದರಲ್ಲೊಂದು ಪಾಲು ಒಂದು ಸೆಂಟು. ಮಳೆಗೆ ಅಷ್ಟು ಸಾಕು. ರೈಫಲ್ ಗೌಡರಿಗೆ ಸಾಲದು. ಅವರು ಇಂಚನ್ನು ಸಾವಿರ ಪಾಲು ಮಾಡಿ, ಅದರಲ್ಲೊಂದು ಪಾಲು ಆಚೀಚೆಯಾದರೆ ರಾತ್ರಿ ನಿದ್ದೆಗೆಡುವ ಪೈಕಿ.

ಇವರನ್ನು ಶಿಕಾರಿ ಕತೆಯವರ ಜೊತೆ ಸೇರಿಸಬೇಡಿ. ಅವರದು ಬೇರೆ ಪಂಗಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅವರ ಕೋವಿ ಸುಮ್ಮನಾಯಿತು, ಬಾಯಿ ಸುಮ್ಮನಾಗಲಿಲ್ಲ. ಅಜ್ಜ ಹೊಡೆದ ಹಂದಿ ಇವತ್ತಿಗೂ ವರ್ಷಕ್ಕೊಂದು ಗೇಣು ಬೆಳೆಯುತ್ತಲೇ ಇದೆ. ರೈಫಲ್ ಗೌಡರ ಮಾತಿನಲ್ಲಿ ಪ್ರಾಣಿಯೇ ಬರುವುದಿಲ್ಲ. ಕೆನ್ನೆತ್ ಆ್ಯಂಡರ್ಸನ್ನನ ಶಿಕಾರಿ ಕತೆಗಳನ್ನು ನಮ್ಮ ಮೂಡಿಗೆರೆಯ ತೇಜಸ್ವಿಯವರು ಕನ್ನಡಕ್ಕೆ ತಂದ ಮೇಲೆ ಈ ಸೀಮೆಯಲ್ಲಿ ಅವನ್ನು ಓದದ ಮನೆಯಿಲ್ಲ. ನಾವೆಲ್ಲ ಎಮ್ಮೆದೊಡ್ಡಿಯ ನರಭಕ್ಷಕ ಎಲ್ಲಿಂದ ಹಾರೀತು ಎಂದು ಉಸಿರು ಬಿಗಿಹಿಡಿದು ಓದಿದರೆ, ನಾನು ಬಲ್ಲ ಗೌಡರು ಆ್ಯಂಡರ್ಸನ್ನನ ಕೈಯಲ್ಲಿದ್ದ .405 ವಿಂಚೆಸ್ಟರ್ ರೈಫಲ್ಲಿನ ವಿವರ ಬಂದಲ್ಲಿ ಪೆನ್ಸಿಲ್ ಗೀಟು ಹಾಕಿಟ್ಟಿದ್ದಾರೆ. ಹುಲಿ ಸತ್ತಿತೋ ಬದುಕಿತೋ ಎಂದು ಕೇಳಿದರೆ ಪುಸ್ತಕ ತೆಗೆದು ನೋಡಿಯೇ ಹೇಳಬೇಕು.

ಅವರ ಸ್ವಂತ ರೈಫಲ್ಲು .318 ವೆಸ್ಟ್ಲಿ ರಿಚರ್ಡ್ಸ್. 1910ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಹುಟ್ಟಿದ ನಮೂನೆ. ಸ್ವಾತಂತ್ರ್ಯ ಬಂದು ಬಿಳಿ ದೊರೆಗಳು ಒಬ್ಬೊಬ್ಬರಾಗಿ ತೋಟ ಮಾರಿ ಹಡಗು ಹತ್ತಿದಾಗ ಗೌಡರ ಅಜ್ಜ ತೋಟದ ಜೊತೆಗೆ ಬಂಗಲೆಯ ಪಿಂಗಾಣಿ ತಟ್ಟೆ, ಆರಾಮ ಕುರ್ಚಿ ಮತ್ತು ಈ ರೈಫಲ್ಲನ್ನೂ ತೆಗೆದುಕೊಂಡರಂತೆ. ತಟ್ಟೆಗಳು ಒಡೆದವು, ಕುರ್ಚಿಯನ್ನು ಗೆದ್ದಲು ತಿಂದಿತು, ರೈಫಲ್ಲು ಉಳಿಯಿತು. ಜೊತೆಗೆ ಐದು ತೋಟೆಗಳೂ ಉಳಿದವು. ಹಾರ್ಲಿಕ್ಸ್ ಬಾಟಲಿಯಲ್ಲಿ ಹತ್ತಿ ಹಾಸಿ ಅವನ್ನು ಇಟ್ಟಿದ್ದಾರೆ. ಪ್ರತಿ ಆಯುಧಪೂಜೆಗೆ ಹೊರಬಂದು ಅರಿಸಿನ ಕುಂಕುಮ ಹಚ್ಚಿಸಿಕೊಂಡು ಮತ್ತೆ ಬಾಟಲಿ ಸೇರುತ್ತವೆ.

ಸಮಸ್ಯೆಯ ಬೇರು ಇಲ್ಲಿದೆ. ಜೋಡುನಳಿಗೆ ಕೋವಿಯವರಿಗೆ ಪುಣೆ ಪಕ್ಕದ ಖಡ್ಕಿ ಕಾರ್ಖಾನೆಯ ಹನ್ನೆರಡು ಬೋರಿನ ತೋಟೆ ಚಿಕ್ಕಮಗಳೂರಿನ ಅಂಗಡಿಯಲ್ಲೇ ಸಿಕ್ಕೀತು. ಸರ್ಕಾರಿ .315 ರೈಫಲ್ಲಿನವರಿಗೂ ದಾರಿಯಿದೆ. .318ಕ್ಕೆ ನಮ್ಮ ದೇಶದಲ್ಲಿ ಯಾರೂ ತೋಟೆ ಮಾಡುವುದಿಲ್ಲ. ಹೊರದೇಶದಲ್ಲಿ ಇಂಥ ಮುದಿ ರೈಫಲ್ಲು ಇಟ್ಟುಕೊಂಡವರು ಖಾಲಿ ತೋಟೆಯ ಹಿತ್ತಾಳೆ ಕೊಳವೆಯನ್ನು ಎಸೆಯದೆ, ಮನೆಯಲ್ಲೇ ಪ್ರೆಸ್ಸಿಗೆ ಕೊಟ್ಟು ಒತ್ತಿ, ಹಿಗ್ಗಿದ್ದನ್ನು ಮೊದಲಿನ ಅಳತೆಗೆ ತಂದು ಮತ್ತೆ ತುಂಬಿಕೊಳ್ಳುತ್ತಾರೆ. ಈ ಸುದ್ದಿಯನ್ನು ಗೌಡರ ಕಿವಿಗೆ ಹಾಕಿದವನು ಅಮೆರಿಕದ ಟೆಕ್ಸಸ್‌ನಲ್ಲಿರುವ ಅವರ ಭಾವಮೈದುನನ ಮಗ. ಅವನು ಹಬ್ಬಕ್ಕೆ ವಿಡಿಯೋ ಕಾಲ್ ಮಾಡಿ, ಸುಮ್ಮನಿರಲಾರದೆ ಫೋನನ್ನು ಗ್ಯಾರೇಜಿನ ಕಡೆ ತಿರುಗಿಸಿದ. ಅಲ್ಲಿ ಅವನ ಅಮೆರಿಕನ್ ಗೆಳೆಯನೊಬ್ಬ ಹಸಿರು ಬಣ್ಣದ ಎರಕದ ಯಂತ್ರದ ಹಿಡಿ ಎಳೆಯುತ್ತ ನಿಂತಿದ್ದ. ಅಷ್ಟೇ. ಆವತ್ತಿನಿಂದ ಗೌಡರ ಮನೆಯಲ್ಲಿ ಕಾಫಿ ರೇಟಿನ ಮಾತು ನಿಂತುಹೋಯಿತು.

ಈಗ ಯಾರೇ ಅವರ ಜಗಲಿ ಹತ್ತಲಿ, ಬೆಲ್ಲದ ಕಾಫಿ ಬರುವುದರೊಳಗೆ ಪಾಠ ಮುಗಿದಿರುತ್ತದೆ. ಮುಗಿಯದಿದ್ದರೆ ಎರಡನೇ ಲೋಟ ಬರುತ್ತದೆ. ಪ್ರೆಸ್ಸುಗಳಲ್ಲಿ ಮೂರು ಕುಲ. ಸಿಂಗಲ್ ಸ್ಟೇಜ್ ಎಂಬುದು ಒಂದು ಸಲಕ್ಕೆ ಒಂದೇ ಕೆಲಸ ಮಾಡುವ ಸಾತ್ವಿಕ ಪ್ರಾಣಿ. ಟರೆಟ್ ಎಂಬುದರ ತಲೆ ತಿರುಗುತ್ತದೆ. ನಾಲ್ಕಾರು ಅಚ್ಚುಗಳನ್ನು ತಲೆಯ ಮೇಲೆ ಹೊತ್ತಿರುತ್ತದೆ. ಪ್ರೋಗ್ರೆಸಿವ್ ಎಂಬುದು ಹಿಡಿಯ ಒಂದೊಂದು ಎಳೆತಕ್ಕೆ ಎಲ್ಲ ಹಂತದ ಕೆಲಸವನ್ನೂ ಒಟ್ಟಿಗೇ ಮಾಡಿಬಿಡುವ ಆತುರದ್ದು. ಗೌಡರ ಅಭಿಪ್ರಾಯದಲ್ಲಿ ಪ್ರೋಗ್ರೆಸಿವ್ ಇಟ್ಟುಕೊಂಡವರಿಗೆ ಸಂಸ್ಕಾರವಿಲ್ಲ. ‘ಅದು ದಿನಕ್ಕೆ ಸಾವಿರ ಹೊಡೆಯೋರಿಗೆ ಮಾರಾಯ. ನಮಗೆ ಬೇಕಾದ್ದು ನಿಖರತೆ.’

ಸಿಂಗಲ್ ಸ್ಟೇಜ್ ಎಂದು ತೀರ್ಮಾನವಾದರೆ ಮುಗಿಯಿತೆ? ಚೌಕಟ್ಟು ಇಂಗ್ಲಿಷಿನ ‘ಸಿ’ ಆಕಾರದ್ದೋ, ‘ಓ’ ಆಕಾರದ್ದೋ? ಒಂದು ಕಡೆ ಬಾಯಿ ತೆರೆದ ‘ಸಿ’ಯಲ್ಲಿ ಕೈ ಆಡಿಸಲು ಜಾಗವಿದೆ, ಆದರೆ ಒತ್ತಡ ಬಿದ್ದಾಗ ಕೂದಲೆಳೆಯಷ್ಟು ಬಾಗೀತು. ‘ಓ’ ಬಾಗದು, ಆದರೆ ಗೌಡರ ಬೆರಳು ದಪ್ಪ. ಎರಕದ ಕಬ್ಬಿಣವೋ, ಅಲ್ಯೂಮಿನಿಯಮ್ಮೋ? ಮೇಲೆ ಕೆಳಗೆ ಓಡುವ ರ‍್ಯಾಮಿನಲ್ಲಿ ಆಟ ಎಷ್ಟಿದೆ? ಕ್ಯಾಲಿಫೋರ್ನಿಯಾದ ಓರೊವಿಲ್ ಊರಿನಲ್ಲಿ 1943ರಲ್ಲಿ ಶುರುವಾದ ಆರ್‌ಸಿಬಿಎಸ್ ಕಂಪನಿಯ ರಾಕ್ ಚಕರ್ ಎಂಬ ಹಸಿರು ಪ್ರೆಸ್ಸನ್ನು ಕೆಲವು ಕಾಲ ಮನಸಾರೆ ಒಪ್ಪಿದ್ದರು. ಆಮೇಲೆ ಫಾರ್ಸ್ಟರ್ ಕಂಪನಿಯ ಕೋ-ಆ್ಯಕ್ಸ್ ಕಣ್ಣಿಗೆ ಬಿತ್ತು. ಅದರ ದವಡೆ ಕೊಳವೆಯನ್ನು ಬಿಗಿಯಾಗಿ ಕಚ್ಚದೆ, ಅದೇ ತನ್ನ ನೇರ ಹುಡುಕಿಕೊಳ್ಳಲು ಬಿಡುತ್ತದಂತೆ. ‘ಮಕ್ಕಳನ್ನ ಹಿಂಗೇ ಸಾಕಬೇಕು’ ಎಂದು ಗೌಡರು ಭಾವುಕರಾದದ್ದನ್ನು ನಾನೇ ನೋಡಿದ್ದೇನೆ. ಅವರ ಮಗ ಒಳಗೆ ಬೆಂಗಳೂರು ಬಸ್ಸಿಗೆ ಬ್ಯಾಗು ಕಟ್ಟುತ್ತಿದ್ದ. ಅಪ್ಪ ಹೇಳಿದ ಕೋರ್ಸೇ ಓದುತ್ತಿದ್ದ.

ಗೌಡತಿಯಮ್ಮನವರು ಇದನ್ನೆಲ್ಲ ಅಡಿಗೆಮನೆ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಾರೆ. ಒಂದು ದಿನ ಪ್ರೆಸ್ಸಿನ ಚಿತ್ರ ನೋಡಿ, ‘ಇದು ನಮ್ಮ ಶಾವಿಗೆ ಒರಳಿನ ಹಂಗೇ ಇದೆಯಲ್ರೀ. ಹಿಟ್ಟಿನ ಬದಲು ಹಿತ್ತಾಳೆ ಇಡೋದು ತಾನೇ?’ ಎಂದರು. ಗೌಡರಿಗೆ ಅವಮಾನವಾಯಿತು. ಆದರೂ ಅನುಮಾನ ಬಂದು, ರಾತ್ರಿ ಎಲ್ಲರೂ ಮಲಗಿದ ಮೇಲೆ ಟಾರ್ಚು ಹಿಡಿದು ಒರಳಿನ ಆಟ ಪರೀಕ್ಷಿಸಿದರಂತೆ. ಬೆಳಿಗ್ಗೆ ತಿಂಡಿಗೆ ಶಾವಿಗೆ, ಕಾಯಿಹಾಲು. ಗೌಡರು ಒಂದೆಳೆ ಶಾವಿಗೆ ಎತ್ತಿ ಕ್ಯಾಲಿಪರಿಗೆ ಹಿಡಿದರು.

ಈ ಕ್ಯಾಲಿಪರಿನ ಬಗ್ಗೆ ಹೇಳಲೇಬೇಕು, ಏಕೆಂದರೆ ಇಷ್ಟು ಸಂಶೋಧನೆಯಲ್ಲಿ ನಿಜವಾಗಿ ದುಡ್ಡು ಕೊಟ್ಟು ತಂದ ವಸ್ತು ಅದೊಂದೇ. ಅಂಕಿ ಹೊಳೆಯುವ ಡಿಜಿಟಲ್ ಕ್ಯಾಲಿಪರ್. ಪ್ರೆಸ್ಸು ಬರುವ ಮುಂಚೆ ಕೈ ಪಳಗಲಿ ಎಂದು ಕಂಡದ್ದನ್ನೆಲ್ಲ ಅಳೆಯುತ್ತಾರೆ. ಅಕ್ಕಿರೊಟ್ಟಿ ಅಳೆದು ಅಂಚಿಗೂ ನಡುವಿಗೂ ಇರುವ ವ್ಯತ್ಯಾಸ ಹೇಳಿದ ದಿನ ಅವರಿಗೆ ರೊಟ್ಟಿ ಸಿಗಲಿಲ್ಲ. ಕಾಲಿಗೆ ಹತ್ತಿದ ಇಂಬಳವನ್ನು ರಕ್ತ ಕುಡಿಯುವ ಮೊದಲು, ಕುಡಿದ ಮೇಲೆ ಎಂದು ಎರಡು ಸಲ ಅಳೆಯಲು ಕಾದು ಕೂತದ್ದೂ ಉಂಟು. ಅಳೆಯದೆ ಬಿಟ್ಟಿದ್ದು ಒಂದನ್ನೇ, ಸ್ವಂತ ಪಲ್ಪರನ್ನು.

ಕಾಫಿ ಗೊತ್ತಿಲ್ಲದವರಿಗೆ ಒಂದು ಮಾತು. ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ ಪಲ್ಪರ್. ಉರುಳುವ ಡ್ರಮ್ಮಿಗೂ ಎದುರಿನ ಪಟ್ಟಿಗೂ ನಡುವಿನ ಸಂದು ಹದವಾಗಿರಬೇಕು. ಹೆಚ್ಚಾದರೆ ಹಣ್ಣು ಹಣ್ಣಾಗಿಯೇ ಆಚೆ ಬೀಳುತ್ತದೆ. ಕಮ್ಮಿಯಾದರೆ ಬೀಜ ಕತ್ತರಿಸಿಹೋಗುತ್ತದೆ, ಹೀಗೆ ಸುಲಿದು ಒಣಗಿಸಿದ ಬೀಜ, ಅಂದರೆ ಪಾರ್ಚ್‌ಮೆಂಟ್, ಕೊಳ್ಳುವವರು ರೇಟು ಇಳಿಸುತ್ತಾರೆ. ಗೌಡರ ಪಲ್ಪರಿನ ಸಂದನ್ನು ಅವರಪ್ಪನ ಕಾಲದಿಂದ ಮೇಸ್ತ್ರಿಯ ಹೆಬ್ಬೆರಳಿನ ಉಗುರೇ ತೀರ್ಮಾನಿಸುತ್ತಿತ್ತು. ಮೇಸ್ತ್ರಿ ಬದಲಾದರೂ ಉಗುರಿನ ಪದ್ಧತಿ ಬದಲಾಗಿರಲಿಲ್ಲ. ‘ಗೌಡ್ರೇ, ಈ ಕ್ಯಾಲಿಪರಲ್ಲಿ ಪಲ್ಪರ್ ಒಂದ್ಸಲ ನೋಡಬಹುದಲ್ಲ’ ಎಂದು ನಾನು ಹೇಳಿದ್ದಕ್ಕೆ, ‘ಅದು ಒರಟು ಮಿಷಿನ್ನು ಕಣಯ್ಯ, ಅದಕ್ಕೆಲ್ಲ ಇದನ್ನ ಹಾಕ್ತಾರಾ?’ ಎಂದು ಕ್ಯಾಲಿಪರನ್ನು ಮಖಮಲ್ಲಿನ ಪೆಟ್ಟಿಗೆಗೆ ಸೇರಿಸಿದರು. ತೋಟದ ರೈಟ್ರು ಮಾತ್ರ ಕೇಳಿಸಿಕೊಂಡರು. ಗೌಡರು ಕ್ಲಬ್ಬಿಗೆ ಹೋದ ಒಂದು ಸಂಜೆ ಪೆಟ್ಟಿಗೆ ತೆಗೆದು, ಒಂದು ಹಿಡಿ ಬೀಜದ ದಪ್ಪ ಅಳೆದು, ಸಂದು ಸರಿಮಾಡಿಬಿಟ್ಟರು. ಆ ವರ್ಷ ಕತ್ತರಿಸಿದ ಬೀಜ ಕಮ್ಮಿಯಾಯಿತು. ಮಳೆ ಹದವಾಗಿ ಬಂದಿದ್ದಕ್ಕೆ ಎಂದು ಗೌಡರು ನಂಬಿದ್ದಾರೆ. ರೈಟ್ರು ತಿದ್ದುವ ಗೋಜಿಗೆ ಹೋಗಿಲ್ಲ, ಬುದ್ಧಿವಂತರು.

ಕಾನೂನಿನ ಕಡೆಗೆ ಗೌಡರು ಗಮನ ಕೊಟ್ಟದ್ದು ತಡವಾಗಿ. ಲೈಸೆನ್ಸ್ ನವೀಕರಣಕ್ಕೆ ಹೋದಾಗ ಮೇಜಿನ ಆಚೆಯ ಗುಮಾಸ್ತರಿಗೆ, ಕೋ-ಆ್ಯಕ್ಸಿನ ದವಡೆಯಿಂದ ಹಿಡಿದು ಎಲ್ಲ ವಿವರಿಸಿ, ‘ಒಂದು ಎಂಡಾರ್ಸ್‌ಮೆಂಟು ಹಾಕಿಕೊಡಿ’ ಎಂದರು. ಗುಮಾಸ್ತರು ತಾಳ್ಮೆಯ ಮನುಷ್ಯ. ‘ಗೌಡ್ರೇ, ನಿಮ್ಮ ಪುಸ್ತಕ ಕೋವಿ ಇಟ್ಟುಕೊಳ್ಳೋದಕ್ಕೆ. ತೋಟೆ ತಯಾರು ಮಾಡೋದು ಅಂದ್ರೆ 1959ರ ಆಯುಧ ಕಾಯ್ದೆಯ ಐದನೇ ಸೆಕ್ಷನ್ನು. ಅದು ಕಾರ್ಖಾನೆಯವರ ಲೈಸೆನ್ಸು. ಮದ್ದಿಗೆ 1884ರ ಸ್ಫೋಟಕ ಕಾಯ್ದೆ ಬೇರೆ ಇದೆ, ಅದರ ದೊಡ್ಡ ಆಫೀಸು ನಾಗಪುರದಲ್ಲಿ.’ ಗೌಡರು ವಾಪಸು ಬರುವಾಗ ಮೂಡಿಗೆರೆವರೆಗೆ ಮಾತಾಡಲಿಲ್ಲ. ಮೂಡಿಗೆರೆ ದಾಟಿದ ಮೇಲೆ, ‘ನಾಗಪುರದ ಕಿತ್ತಲೆ ಚೆನ್ನಾಗಿರುತ್ತೆ’ ಎಂದರು. ಬೇರೆಯವರಾಗಿದ್ದರೆ ಅಲ್ಲಿಗೆ ಕೈಬಿಡುತ್ತಿದ್ದರು. ಗೌಡರದು ಬೇರೆ ತರ್ಕ. ಪ್ರೆಸ್ಸು ಕೊಳ್ಳುವುದಕ್ಕೆ ಅನುಮತಿ ಬೇಕು. ಆರಿಸುವುದಕ್ಕೆ ಯಾರ ಅನುಮತಿಯೂ ಬೇಡ.

ಟೆಕ್ಸಸ್ಸಿನ ಹುಡುಗ ರಜೆಗೆ ಬಂದಾಗ ಸೂಟ್‌ಕೇಸಿನಲ್ಲಿ ಪ್ರೆಸ್ಸಲ್ಲ, ಬಾದಾಮಿ ಪಿಸ್ತಾ ತಂದಿದ್ದ. ಗೌಡರು ಹಗುರ ಪೊಟ್ಟಣ ಕಂಡು ನಿಟ್ಟುಸಿರು ಬಿಟ್ಟರು. ಅವನ ತಾಯಿ ಮಾತ್ರ, ‘ಏರ್‌ಪೋರ್ಟಲ್ಲಿ ನನ್ನ ಮಗನ್ನ ಹಿಡಿದು ಕೂರಿಸಿದ್ರೆ ಏನ್ ಭಾವ ಮಾಡ್ತಿದ್ರಿ? ಕೋ-ಆ್ಯಕ್ಸೇ ಒಳ್ಳೇದು ಅಂತ ಕಸ್ಟಮ್ಸ್‌ನೋರಿಗೆ ಪಾಠ ಮಾಡ್ತಿದ್ರಾ?’ ಎಂದು ಸರಿಯಾಗಿಯೇ ಕೇಳಿದರು.

ಆದರೆ ಕೇಳಬೇಕಾದ ಪ್ರಶ್ನೆಯನ್ನು ಕೊನೆಗೂ ಕೇಳಿದವರು ಗೌಡತಿಯಮ್ಮನವರೇ. ಆಯುಧಪೂಜೆಯ ದಿನ ಐದು ತೋಟೆಗೂ ಕುಂಕುಮ ಇಡುತ್ತ, ‘ಅಲ್ಲಾ ಕಣ್ರೀ, ಆ ಪ್ರೆಸ್ಸಿಗೆ ಖಾಲಿ ತೋಟೆ ತಾನೇ ಕೊಡೋದು? ಖಾಲಿದು ಎಲ್ಲಿದೆ?’ ಎಂದರು. ಜಗಲಿಯಲ್ಲಿದ್ದವರೆಲ್ಲ ಗೌಡರ ಮುಖ ನೋಡಿದೆವು. ಖಾಲಿ ತೋಟೆ ಬೇಕಾದರೆ ಈಡು ಹೊಡೆಯಬೇಕು. ಈಡು ಹೊಡೆದರೆ ಐದು ನಾಲ್ಕಾಗುತ್ತದೆ, ಅದನ್ನು ಗೌಡರ ಎದೆ ಒಪ್ಪದು. ಹೊಡೆಯಲು ಕಾರಣವೂ ಇಲ್ಲ; ತೋಟಕ್ಕೆ ನುಗ್ಗುವ ಆನೆ, ಕಾಟಿಗಳನ್ನು ಮುಟ್ಟುವಂತಿಲ್ಲ, ಹಂದಿಗೂ ಅರಣ್ಯ ಇಲಾಖೆಯ ಅನುಮತಿ ಬೇಕು, ಮಂಗ ಓಡಿಸಲು ಗರ್ನಾಲು ಸಾಕು. ಅದೂ ಅಲ್ಲದೆ, ಕಳಸದ ಮಳೆಗಾಲಗಳನ್ನು ಎಪ್ಪತ್ತಕ್ಕೂ ಹೆಚ್ಚು ಕಂಡ ಆ ತೋಟೆ ಹಾರುತ್ತದೆಯೋ, ಟುಸ್ ಎನ್ನುತ್ತದೆಯೋ ಯಾರು ಬಲ್ಲರು? ಗೌಡರು ಬಹಳ ಹೊತ್ತು ಯೋಚಿಸಿ, ‘ಅದಕ್ಕೇ ನಿಖರವಾದ ಪ್ರೆಸ್ಸು ಬೇಕು ಅನ್ನೋದು’ ಎಂದರು. ಈ ಉತ್ತರಕ್ಕೂ ಪ್ರಶ್ನೆಗೂ ಏನು ಸಂಬಂಧ ಎಂದು ನಾವು ಇವತ್ತಿಗೂ ಕ್ಲಬ್ಬಿನಲ್ಲಿ ಚರ್ಚೆ ಮಾಡುತ್ತೇವೆ.

ಅವರ ಅಜ್ಜ, ಆ ದೊರೆಯ ರೈಫಲ್ಲು ಕೊಳ್ಳುವ ಮುಂಚೆ, ಕೇಪಿನ ಕೋವಿ ಇಟ್ಟಿದ್ದವರು. ನಳಿಗೆಯ ಬಾಯಿಂದ ಮಸಿ, ಚರೆ ಎಲ್ಲ ತುಂಬಿ ಜಡಿದು ಕೇಪು ಇಡುವ ಕೋವಿ. ಅಂದರೆ ಪ್ರತಿ ಈಡೂ ಮನೆಯಲ್ಲೇ ತಯಾರು. ಅಳತೆ ಎಲ್ಲ ಅಂದಾಜಿನದು. ಆ ಅಂದಾಜಿನ ಗುರುತು ಅಜ್ಜನ ಬಲಗೆನ್ನೆಯ ಮೇಲೆ ಕಡೆಯವರೆಗೂ ಇತ್ತು ಎನ್ನುತ್ತಾರೆ. ಮೊಮ್ಮಗನಿಗೆ ಸಾವಿರದಲ್ಲೊಂದು ಪಾಲಿನ ಹುಚ್ಚು ಹತ್ತಿದ್ದಕ್ಕೆ ಆ ಕೆನ್ನೆಯೂ ಕಾರಣವಿರಬಹುದು. ಏನೇ ಇರಲಿ, ಕೋವಿ ಇರುವ ಮನೆಗಳಲ್ಲಿ ರೈಫಲ್ ಗೌಡರ ಮನೆಯಷ್ಟು ನಿರಪಾಯದ್ದು ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಎಣ್ಣೆ ಹಚ್ಚುವವರು ಗುಂಡು ಹಾರಿಸುವುದಿಲ್ಲ.

ರೈಫಲ್ಲಿಗೆ ಮನೆ ಬಿಟ್ಟರೆ ಗೊತ್ತಿರುವ ಇನ್ನೊಂದು ಜಾಗ ಪೊಲೀಸ್ ಠಾಣೆ. ಚುನಾವಣೆ ಘೋಷಣೆಯಾದರೆ ಸೀಮೆಯ ಕೋವಿಗಳೆಲ್ಲ ಠಾಣೆಗೆ ಠೇವಣಿ ಹೋಗಬೇಕು. ಮಿಕ್ಕ ಪ್ಲಾಂಟರುಗಳು ಗೊಣಗುತ್ತ ಹೋಗಿ ಒಪ್ಪಿಸಿ ಬರುತ್ತಾರೆ. ಗೌಡರು ರೈಫಲ್ಲನ್ನು ಕಂಬಳಿಯಲ್ಲಿ ಸುತ್ತಿ, ಜೀಪಿನ ಮುಂದಿನ ಸೀಟಿನಲ್ಲಿ ಮಲಗಿಸಿ, ಗೌಡತಿಯಮ್ಮನವರನ್ನು ಹಿಂದೆ ಕೂರಿಸಿಕೊಂಡು ಹೋಗುತ್ತಾರೆ. ಹಿಂದಿನ ಸಲ ರಸೀದಿ ಬರೆಯುತ್ತಿದ್ದ ಕಾನ್‌ಸ್ಟೇಬಲ್ಲು ಬಾಯಿತಪ್ಪಿ, ‘ಇದಕ್ಕೆ ತೋಟೆ ಸಿಗುತ್ತಾ ಗೌಡ್ರೇ?’ ಎಂದುಬಿಟ್ಟರು. ಅವತ್ತು ಠಾಣೆಯಲ್ಲಿ ಊಟದ ಹೊತ್ತು ಮೀರಿತು.

ಸದ್ಯದ ಪರಿಸ್ಥಿತಿ ಹೀಗಿದೆ. ವರ್ಷಗಳ ತೂಗಾಟದ ನಂತರ ಗೌಡರು ಸಿಂಗಲ್ ಸ್ಟೇಜೇ ಸರಿ, ಅದರಲ್ಲಿ ಕೋ-ಆ್ಯಕ್ಸೇ ಸರಿ ಎಂಬ ತೀರ್ಮಾನಕ್ಕೆ ಬಂದಿದ್ದಾರೆ. ಮನೆಯಲ್ಲಿ ಮತ್ತೆ ಕಾಫಿ ರೇಟಿನ ಮಾತು ಶುರುವಾಗಿದೆ. ಗೌಡತಿಯಮ್ಮನವರು ಹೊರನಾಡಿಗೆ ಹೋಗಿ ಹರಕೆ ತೀರಿಸಿ ಬಂದಿದ್ದಾರೆ. ಕಳಸದ ದಾರಿಯಲ್ಲಿ ಓಡಾಡುವ ಓದುಗರಲ್ಲಿ ಒಂದೇ ವಿನಂತಿ: ನಿಮ್ಮಲ್ಲಿ ಯಾರಿಗಾದರೂ ಟರೆಟ್ ಪ್ರೆಸ್ಸಿನ ಬಗ್ಗೆ ಒಳ್ಳೆಯ ಅಭಿಪ್ರಾಯವಿದ್ದರೆ ದಯವಿಟ್ಟು ಆ ಮನೆಯಲ್ಲಿ ಬಾಯಿ ಬಿಡಬೇಡಿ.