ನೂರು ಡಾಲರ್ ಒಳಗಿನ ಸಾಂಟಾ

ನಮ್ಮ ಕಡೆ ಸೋದರಮಾವ ಅನ್ನುವುದು ಒಂದು ಹುದ್ದೆ. ಸಂಬಳವಿಲ್ಲ, ಖರ್ಚು ಮಾತ್ರ ಇದೆ. ಮಗುವಿನ ಮುಡಿ ತೆಗೆಸಲು ಅವನ ತೊಡೆ ಬೇಕು, ಕಿವಿ ಚುಚ್ಚಿಸಲೂ ಅದೇ ತೊಡೆ. ಹುಡುಗಿ ದೊಡ್ಡವಳಾದರೆ ಗುಡ್ಲು ಹಾಕುವವನು ಅವನು, ಹಸೆಮಣೆಗೆ ಕೈಹಿಡಿದು ಕರೆತರುವವನೂ ಅವನೇ. ಚಿಂತಾಮಣಿಯ ಯಾವ ಮಾವನನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಈ ಪಟ್ಟಿ ಒಪ್ಪಿಸುತ್ತಾನೆ, ಕನ್ನಡದಲ್ಲಿ ಬೇಕೋ ತೆಲುಗಿನಲ್ಲಿ ಬೇಕೋ ಅಂತ ಕೇಳಿಕೊಂಡು. ಪಟ್ಟಿಯಲ್ಲಿ ಕ್ರಿಸ್‌ಮಸ್ ಇರಲಿಲ್ಲ. ಅಕ್ಕ ನ್ಯೂಜೆರ್ಸಿಗೆ ಹೋದ ಮೇಲೆ ಅದೂ ಸೇರಿಕೊಂಡಿತು.

ಸೊಸೆಗೆ ಆರು ವರ್ಷ. ಅವಳ ತರಗತಿಯಲ್ಲಿ ಎಲ್ಲರಿಗೂ ದೂರದ ನೆಂಟರಿಂದ ಉಡುಗೊರೆ ಬರುತ್ತದಂತೆ. ಇಂಡಿಯಾದ ಮಾಮ ಏನು ಕಳಿಸುತ್ತಾನೆ ಎಂದು ಅವಳು ವಿಡಿಯೊ ಕಾಲ್‌ನಲ್ಲಿ ಕೇಳಿದ್ದಾಳೆ. ಮಾಮ ಉಬ್ಬಿಹೋಗಿದ್ದಾನೆ. ಆದರೆ ಕೊಡುವ ಮನಸ್ಸಿಗೂ ಪಡೆಯುವ ಮಗುವಿಗೂ ನಡುವೆ ಅಕ್ಕ ಕೂತಿದ್ದಾಳೆ. ಪ್ಲಾಸ್ಟಿಕ್ ಬೇಡ. ಸಕ್ಕರೆ ಬೇಡ. ಸ್ಕ್ರೀನ್ ಇರುವುದಂತೂ ಬೇಡವೇ ಬೇಡ. ಶಾಲೆಯಲ್ಲಿ ಯಾರಿಗೋ ಅಲರ್ಜಿಯಂತೆ, ಕಡ್ಲೆಕಾಯಿ ವಾಸನೆಯೂ ಕೂಡದು. ಅಲ್ಲಿಗೆ ಚಿಕ್ಕಿ ಔಟ್. ಒಟ್ಟಿನಲ್ಲಿ 'ಎಜುಕೇಷನಲ್' ಆಗಿರಬೇಕು. ಆರು ವರ್ಷದ ಮಗು ಹಬ್ಬದ ದಿನವೂ ಎಂಟ್ರೆನ್ಸ್ ಪರೀಕ್ಷೆಗೆ ತಯಾರಾಗಬೇಕು ಅನ್ನುವ ಈ ಶ್ರದ್ಧೆಯನ್ನು ಅಕ್ಕ ಅಮೆರಿಕದಲ್ಲಿ ಕಲಿತಿದ್ದಲ್ಲ, ಇಲ್ಲಿಂದಲೇ ಸೂಟ್‌ಕೇಸಿನಲ್ಲಿ ತುಂಬಿಕೊಂಡು ಹೋದದ್ದು.

ಸರಿ, ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಏನಿದೆ ನೋಡೋಣ. ಶಿಡ್ಲಘಟ್ಟದಲ್ಲಿ ರೇಷ್ಮೆ ಇದೆ. ಗೂಡಿನ ಮಾರುಕಟ್ಟೆಯಲ್ಲಿ ಹರಾಜಾಗಿ, ಕುದಿಯುವ ನೀರಿಗೆ ಬಿದ್ದು, ಹೆಂಗಸರ ಬೆಂದ ಬೆರಳುಗಳ ನಡುವೆ ನೂಲಾಗಿ, ಆ ಮೇಲೆ ಕಂಚಿಗೋ ಧರ್ಮಾವರಕ್ಕೋ ಹೋಗಿ, ಅಲ್ಲಿಯ ಹೆಸರು ಹೊತ್ತ ಸೀರೆಯಾಗಿ ನಮಗೇ ವಾಪಸ್ ಮಾರಾಟಕ್ಕೆ ಬರುತ್ತದೆ. ಹೋದ ವರ್ಷ ಮಾವ ಕಳಿಸಿದ ರೇಷ್ಮೆ ಲಂಗವನ್ನು ಸೊಸೆ ಕನ್ನಡ ಕೂಟದ ಫೋಟೊಗೆ ಹತ್ತು ನಿಮಿಷ ಉಟ್ಟು, ಚುಚ್ಚುತ್ತದೆ ಅಂತ ಅತ್ತಳಂತೆ. ಚಿಕ್ಕಬಳ್ಳಾಪುರದಲ್ಲಿ ದ್ರಾಕ್ಷಿ ಇದೆ; ಭೌಗೋಳಿಕ ಸೂಚಿಕೆ ಪಡೆದ ಬೆಂಗಳೂರು ಬ್ಲೂ. ಬೆಳೆದವರು ನಂದಿಯ ತಪ್ಪಲಿನವರು, ಹೆಸರು ಬೆಂಗಳೂರಿನದು. ನಮ್ಮ ಜಿಲ್ಲೆಯ ಸ್ವಭಾವವೇ ಹಾಗೆ. ಚಿಂತಾಮಣಿ ಟೊಮೆಟೊ ಕೆಲವು ವರ್ಷ ಬಂಗಾರದ ಬೆಲೆ ಮುಟ್ಟುತ್ತದೆ, ಕೆಲವು ವರ್ಷ ರಸ್ತೆಗೆ ಬೀಳುತ್ತದೆ. ಎರಡೂ ಸಂದರ್ಭದಲ್ಲಿ ಪಾರ್ಸೆಲ್ ಮಾಡಲಾಗದು.

ಎಜುಕೇಷನಲ್ ಬೇಕೆಂದರೆ ಗೌರಿಬಿದನೂರಿಗೆ ಬರಬೇಕು. ಅಲ್ಲಿ ಆಕಾಶದ ಸದ್ದು ಕೇಳುವ ರೇಡಿಯೊ ದೂರದರ್ಶಕವಿದೆ. ಪ್ರಪಂಚದ ಯಾವ ಮೂಲೆಯಲ್ಲಿ ಯಾರು ಗುಟ್ಟಾಗಿ ಅಣುಬಾಂಬ್ ಸಿಡಿಸಿದರೂ ನೆಲಕ್ಕೆ ಕಿವಿಗೊಟ್ಟು ಪತ್ತೆ ಹಚ್ಚುವ ಕಂಪನ ಕೇಂದ್ರವೂ 1960ರ ದಶಕದಿಂದ ಇದೆ. ಕೊರಿಯರ್ ಎಲ್ಲಿದೆ ಎಂದು ಪತ್ತೆ ಹಚ್ಚುವ ಕೇಂದ್ರ ಮಾತ್ರ ಇನ್ನೂ ಬಂದಿಲ್ಲ. ಪಕ್ಕದ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಓದಲೆಂದು ಬೆಂಗಳೂರಿಗೆ ನಡೆದೇ ಹೋದವರು, ಆಮೇಲೆ ಅಮೆರಿಕದ ಓಹಿಯೊದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿ, ಅಲ್ಲೇ ಉಳಿಯದೆ ವಾಪಸ್ ಬಂದವರು. ಈಗಿನ ಮಾವಂದಿರಿಗೆ ಈ ಕೊನೆಯ ಭಾಗ ಅರ್ಥವಾಗುವುದಿಲ್ಲ. ಗಾಳಿಯಲ್ಲಿ ಕೈಯಾಡಿಸಿ ಉಂಗುರ ತೆಗೆಯುತ್ತಿದ್ದ ಬಾಬಾಗೆ, ಒಂದು ಕುಂಬಳಕಾಯಿ ತೆಗೆಯಿರಿ, ಅದು ತೋಳಿನೊಳಗೆ ಅಡಗುವುದಿಲ್ಲ ಎಂದು ಸವಾಲು ಹಾಕಿದ್ದು ಅವರೇ. ಇದ್ದಿದ್ದರೆ ಸಾಂಟಾನ ಚೀಲದಿಂದಲೂ ಕುಂಬಳಕಾಯಿಯನ್ನೇ ತೆಗೆಸುತ್ತಿದ್ದರು.

ಜಿಲ್ಲೆಯಲ್ಲಿ ಕಳಿಸುವಂಥದ್ದೇನೂ ಸಿಗದೆ, ಹಟ ಹಿಡಿದು ಚನ್ನಪಟ್ಟಣದ ಮರದ ಗೊಂಬೆಯನ್ನೇ ಕಳಿಸುತ್ತೇನೆ ಎಂದು ಹೊರಟ ಮಾವನಿಗೆ 2025ರಲ್ಲಿ ಟ್ರಂಪ್ ಅಡ್ಡ ಬಂದರು. ಸಣ್ಣ ಪಾರ್ಸೆಲ್‌ಗಳಿಗಿದ್ದ ಸುಂಕ ವಿನಾಯಿತಿಯನ್ನು ಆಗಸ್ಟ್ 29ರಿಂದ ಅಮೆರಿಕ ತೆಗೆದುಹಾಕಿತು. ಲೆಕ್ಕ ಹಾಕುವವರು ಯಾರು, ವಸೂಲಿ ಮಾಡುವವರು ಯಾರು ಎಂಬುದೇ ಇತ್ಯರ್ಥವಾಗದೆ ನಮ್ಮ ಅಂಚೆ ಇಲಾಖೆ ಅಮೆರಿಕದ ಬುಕಿಂಗ್ ನಿಲ್ಲಿಸಿ, ಅಕ್ಟೋಬರ್ 15ರಿಂದ ಮತ್ತೆ ಶುರು ಮಾಡಿತು. ನೂರು ಡಾಲರ್‌ವರೆಗಿನ ಉಡುಗೊರೆಗೆ ಮಾತ್ರ ಸುಂಕವಿಲ್ಲ. ಮಾವನ ವಾತ್ಸಲ್ಯಕ್ಕೆ ಮಿತಿ ಗೊತ್ತುಮಾಡುವವಳು ಅಕ್ಕ ಒಬ್ಬಳೇ ಅಂದುಕೊಂಡಿದ್ದೆವು. ಈಗ ವೈಟ್ ಹೌಸೂ ಸೇರಿತು.

ಕೊನೆಗೆ ನಡೆಯುವುದು ಇಷ್ಟು. ರಾತ್ರಿ ಊಟವಾದ ಮೇಲೆ ಮಾವ ಮೊಬೈಲ್ ತೆಗೆದು, ಅಕ್ಕ ಕಳಿಸಿದ ಲಿಂಕ್ ಒತ್ತುತ್ತಾನೆ. ಚೀನಾದಲ್ಲಿ ತಯಾರಾದ ಆಟಿಕೆ, ಅಮೆರಿಕದ ಗೋದಾಮಿನಿಂದ ಹೊರಟು, ಅಮೆರಿಕದ ಮನೆಗೇ ಹೋಗಿ ಮುಟ್ಟುತ್ತದೆ. ಚಿಕ್ಕಬಳ್ಳಾಪುರ ಜಿಲ್ಲೆಯಿಂದ ರಫ್ತಾದದ್ದು ಆರು ಅಂಕಿಯ ಒಂದು ಒಟಿಪಿ. ಆದರೂ 'ಹ್ಯಾಪಿ ಕ್ರಿಸ್‌ಮಸ್ ಫ್ರಂ ಮಾಮ' ಎಂದು ಡಬ್ಬದ ಮೇಲೆ ಅಚ್ಚಾಗಿರುತ್ತದೆ. ಕೆಂಪು ಟೋಪಿ ಹಾಕಿಕೊಂಡ ಸೊಸೆ, ಹಿಂದೆ ಮಿನುಗುವ ಮರ. ಆ ಫೋಟೊ ಮಾವನ ಸ್ಟೇಟಸ್ ಏರುತ್ತದೆ. ನೆಂಟರೆಲ್ಲ ಹೃದಯದ ಚಿಹ್ನೆ ಒತ್ತುತ್ತಾರೆ.

ಇಲ್ಲಿಗೆ ಮುಗಿದಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಅದೇ ಮೊಬೈಲ್‌ನಲ್ಲಿ, ಅದೇ ಮಾವ, ಅದೇ ವಾರ ಇನ್ನೊಂದು ಕೆಲಸ ಮಾಡಿರುತ್ತಾನೆ. 'ಮಕ್ಕಳಿಗೆ ಶಾಲೆಯಲ್ಲಿ ಸಾಂಟಾ ವೇಷ ಹಾಕಿಸಿದರೆ ವಿರೋಧಿಸಿ, ಡಿಸೆಂಬರ್ 25 ತುಳಸಿ ಪೂಜೆಯ ದಿನ' ಎಂಬ ಸಂದೇಶವನ್ನು ಐದಾರು ಗುಂಪುಗಳಿಗೆ ತಳ್ಳಿರುತ್ತಾನೆ. ಈ ತುಳಸಿ ಪೂಜೆಯ ದಿನ 2014ರಲ್ಲಿ ಶುರುವಾದದ್ದು ಆಸಾರಾಂ ಬಾಪು ಮತ್ತು ಅವರ ಭಕ್ತರಿಂದ. ಆಗ ಬಾಪು ಜೈಲಿನಲ್ಲಿದ್ದರು. 2018ರಲ್ಲಿ ಅಪ್ರಾಪ್ತ ಹುಡುಗಿಯ ಮೇಲಿನ ಅತ್ಯಾಚಾರಕ್ಕೆ ಜೀವಾವಧಿ ಶಿಕ್ಷೆಯಾಯಿತು. ತುಳಸಿಯ ತಪ್ಪೇನೂ ಇಲ್ಲ, ಪಾಪ. ಅದಕ್ಕೆ ಕಾರ್ತಿಕದಲ್ಲಿ ಅದರದೇ ಹಬ್ಬ ಮೊದಲೇ ಇತ್ತು.

ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ. ದೂರದ ಕ್ರಿಸ್‌ಮಸ್ ಇನ್ನೂ ನುಣ್ಣಗೆ. ನ್ಯೂಜೆರ್ಸಿಯಲ್ಲಿ ಮರ ಮಿನುಗಿದರೆ ಅದು ನಮ್ಮ ಹುಡುಗಿಯ ಏಳಿಗೆ, ಇಲ್ಲೇ ಮಿನುಗಿದರೆ ಸಂಚು. ನಮ್ಮದೇ ಜಿಲ್ಲೆಯ ಸೂಸೆಪಾಳ್ಯದಲ್ಲಿ ನೂರೈವತ್ತು ವರ್ಷಕ್ಕೂ ಹಳೆಯದಾದ ಸಂತ ಜೋಸೆಫರ ಚರ್ಚ್ ಇದೆ. 2021ರ ಡಿಸೆಂಬರ್ 23ರ ಬೆಳಗ್ಗೆ, ಹಬ್ಬಕ್ಕೆ ಎರಡು ದಿನ ಇರುವಾಗ, ಅಲ್ಲಿಯ ಸಂತ ಅಂತೋಣಿಯವರ ಪ್ರತಿಮೆಗೆ ಯಾರೋ ಹಾನಿ ಮಾಡಿದ್ದರು. ಅದೇ ದಿನ ಬೆಳಗಾವಿಯ ಅಧಿವೇಶನದಲ್ಲಿ ವಿಧಾನಸಭೆ ಮತಾಂತರ ತಡೆ ಮಸೂದೆಯನ್ನು ಅಂಗೀಕರಿಸಿತು.

ಆ ಮಸೂದೆ 2022ರಲ್ಲಿ ಕಾನೂನಾಯಿತು. ಮತಾಂತರಕ್ಕೆ ಒಡ್ಡುವ ಆಮಿಷಗಳು ಯಾವುವು ಎಂದು ಅದರಲ್ಲಿ ಬರೆದಿದೆ. ಮಾವ ಒಮ್ಮೆ ಓದಬೇಕು. ಮೊದಲಿಗೇ ಉಡುಗೊರೆ ಬರುತ್ತದೆ. ಆಮೇಲೆ ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ, ಮದುವೆಯ ಭರವಸೆ, ಮೇಲ್ಮಟ್ಟದ ಜೀವನಶೈಲಿ. ಈಗ ನಮ್ಮ ಮಾವನ ಮನೆಯ ಚರಿತ್ರೆ ತೆಗೆಯಿರಿ. ಅಕ್ಕ ಹುಟ್ಟಿದ್ದು ಚಿಕ್ಕಬಳ್ಳಾಪುರದ ಮಿಷನ್ ಆಸ್ಪತ್ರೆಯಲ್ಲಿ. ಲಂಡನ್ ಮಿಷನ್‌ನವರು ಕಟ್ಟಿ, ಈಗ ಸಿಎಸ್‌ಐ ನಡೆಸುವ ಆಸ್ಪತ್ರೆ. ಓದಿದ್ದು ಕಾನ್ವೆಂಟಿನಲ್ಲಿ, ಸೀಟಿಗಾಗಿ ಅಪ್ಪ ಸಿಸ್ಟರ್ ಮುಂದೆ ಕೈಕಟ್ಟಿ ನಿಂತಿದ್ದರು. ಭಾವನನ್ನು ಗೊತ್ತು ಮಾಡಿದ್ದು ಗ್ರೀನ್ ಕಾರ್ಡ್ ನೋಡಿ. ಮೇಲ್ಮಟ್ಟದ ಜೀವನಶೈಲಿಗಾಗಿ ಇಡೀ ಸಂಸಾರ ಕ್ರೈಸ್ತರೇ ಹೆಚ್ಚಿರುವ ದೇಶಕ್ಕೆ ವಿಮಾನ ಹತ್ತಿತು. ಕಾನೂನಿನ ಪಟ್ಟಿಯಲ್ಲಿರುವಂಥ ಆಮಿಷಗಳನ್ನೇ ಪಡೆದೂ ಈ ಮನೆಯಲ್ಲಿ ಯಾರೂ ಮತ ಬದಲಿಸಲಿಲ್ಲ. ಹಾಗಿದ್ದರೆ ಒಂದು ತುಂಡು ಕೇಕಿಗೆ, ಒಂದು ಕಂಬಳಿಗೆ ಬಡವ ಮಾತ್ರ ಬದಲಾಗುತ್ತಾನೆ ಎಂದು ಇವರಿಗೆ ಹೇಳಿದವರು ಯಾರು? ಕಾನೂನನ್ನು ರದ್ದು ಮಾಡುವುದಾಗಿ 2023ರ ಜೂನ್‌ನಲ್ಲಿ ಸಂಪುಟ ತೀರ್ಮಾನಿಸಿತು. ಮಾವನ ಗುಂಪಿನಲ್ಲಿ ಆ ಸುದ್ದಿ ಯಾರೂ ಹಂಚಲಿಲ್ಲ.

ಮಾವಂದಿರೇ, ಸೊಸೆಗೆ ಕಳಿಸುವುದನ್ನು ಕಳಿಸಿ, ಬೇಡ ಅನ್ನುವುದಿಲ್ಲ. ಕೆಂಪು ಟೋಪಿಯಲ್ಲಿ ಅವಳು ಚೆನ್ನಾಗಿಯೇ ಕಾಣುತ್ತಾಳೆ. ಆದರೆ ಈ ಡಿಸೆಂಬರ್‌ನಲ್ಲಿ ಬೈಕ್ ತೆಗೆದುಕೊಂಡು ಸೂಸೆಪಾಳ್ಯಕ್ಕೂ ಒಂದು ಸಲ ಹೋಗಿ ಬನ್ನಿ. ಅಲ್ಲೂ ಆರು ವರ್ಷದ ಹುಡುಗಿಯರಿದ್ದಾರೆ. ಸುಂಕವಿಲ್ಲ, ನೂರು ಡಾಲರ್ ಮಿತಿಯಿಲ್ಲ, ಒಟಿಪಿ ಬೇಡ. ಅವರೇ ಮೊದಲು ನಿಮ್ಮ ಕೈಗೆ ಕೇಕ್ ಕೊಟ್ಟರೆ ಗಾಬರಿಯಾಗದೆ ತಿನ್ನಿ. ಶುಗರ್ ಸ್ವಲ್ಪ ಏರಬಹುದು, ಅಷ್ಟೆ.